ಭಾನುವಾರ ಬರೆದ ನಿನ್ನೆಗಳು

ಶುಕ್ರವಾರ ಬೆಳಿಗ್ಗೆ ಬಷೀರಾಬಿ ಬಂದು ನಿಂತಾಗ ಜವರಯ್ಯ ಇನ್ನೂ ತನ್ನ ಬರೆಯುವ ಪೆಟ್ಟಿಗೆಯ ಮುಚ್ಚಳ ತೆಗೆದಿರಲಿಲ್ಲ. ಹುಣಸೂರಿನ ತಾಲ್ಲೂಕು ಕಚೇರಿಯ ಎದುರು, ಹೊಂಗೆ ಮರದ ಕೆಳಗೆ ಕೂತು ಜನರ ಅರ್ಜಿ ಬರೆದುಕೊಡುವುದು ಅವನ ಕಸುಬು. ಇಪ್ಪತ್ತೆರಡು ವರ್ಷದಿಂದ ಊರಿನವರ ಕಷ್ಟವನ್ನೆಲ್ಲ ಬರೆದೂ ಬರೆದೂ ಅವನಿಗೆ ಯಾರ ಕಷ್ಟವೂ ಹೊಸದೆನಿಸುತ್ತಿರಲಿಲ್ಲ. ಪಕ್ಕದ ಕಲ್ಲಿನ ಮೇಲೆ ಪೀರ್ ಸಾಬರು ಕಣ್ಣು ಮುಚ್ಚಿ ಮಂಡಿ ತಿಕ್ಕಿಕೊಳ್ಳುತ್ತಿದ್ದರು. ಪೋಲೀಸಿನಲ್ಲಿ ದಫೇದಾರರಾಗಿದ್ದು ಪಿಂಚಣಿ ಪಡೆದು ಐದು ವರ್ಷವಾಗಿದ್ದರೂ ಊರು ಅವರನ್ನು ಬಿಟ್ಟಿರಲಿಲ್ಲ. ಕಳೆದುಹೋದ ಎತ್ತಿನಿಂದ ಹಿಡಿದು ಮುನಿಸಿಕೊಂಡು ಹೋದ ಸೊಸೆಯವರೆಗೆ ಎಲ್ಲವನ್ನೂ ಹುಡುಕಿಕೊಡಲು ಅವರೇ ಬೇಕು. ಓದು ಅಂದರೆ ಅವರಿಗೆ ಒಂದಿಷ್ಟು ಕನ್ನಡ, ಸ್ವಲ್ಪ ಉರ್ದು. ಇಂಗ್ಲಿಷಿನಲ್ಲಿ ಒಂದು ರುಜು, ಅಷ್ಟೆ.

"ಪೀರ್ ಭಾಯ್," ಎಂದಳು ಬಷೀರಾಬಿ. ಸೆರಗಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. "ನಾಳೆ ಮಧ್ಯಾಹ್ನದ ಬಸ್ಸಿಗೆ ನನ್ನ ನಸೀರ್‌ನ ಮೈಸೂರಿಗೆ ಸಾಗಿಸ್ತಾರಂತೆ. ಕೈಗೆ ಬೇಡಿ ಹಾಕಿ ಬಜಾರಿನಾಗೆ ನಡೆಸಿಕೊಂಡು ಹೋಗ್ತಾರಂತೆ. ಅದಾದ ಮೇಲೆ ನಮ್ಮ ಅಂಗಡಿಗೆ ಯಾರು ಬೂಟು ಹೊಲಿಸೋಕೆ ಬರ್ತಾರೆ? ಅವರ ಅಪ್ಪ ನಿನ್ನೆಯಿಂದ ಗೋಡೆ ಕಡೆ ಮುಖ ಮಾಡಿ ಮಲಗಿದಾರೆ."

ಊರಿಗೆಲ್ಲ ತಿಳಿದಿದ್ದ ಸಂಗತಿ ಅದು. ಮಿಡ್ಲ್ ಸ್ಕೂಲಿನ ನಂಜುಂಡಸ್ವಾಮಿ ಮೇಷ್ಟ್ರು ದಿನಾ ಬೆಳಿಗ್ಗೆ ಏಳು ಗಂಟೆಗೆ, ಮಕ್ಕಳು ಬರುವ ಮುಂಚೆ, ಸ್ಕೂಲಿನ ಜಗುಲಿಯಲ್ಲಿ ಮೂವರು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಬೂಟು ಹೊಲಿಯುವ ನಸೀರ್ ಒಬ್ಬ, ತಾಲ್ಲೂಕು ಕಚೇರಿಯ ಜವಾನ ಮಂಟಯ್ಯ ಇನ್ನೊಬ್ಬ, ಹನಗೋಡಿನ ಜಮೀನುದಾರರ ಮಗ ಸಣ್ಣಬೀರಯ್ಯ ಮತ್ತೊಬ್ಬ. ಬರುವ ಚಳಿಗಾಲಕ್ಕೆ ಕಾಕನಕೋಟೆಯಲ್ಲಿ ಖೆಡ್ಡಾ ನಡೆಯುವುದಿತ್ತು. ಆನೆ ಹಿಡಿಯುವುದನ್ನು ನೋಡಲು ಬರುವ ದೊರೆಗಳ ಡೇರೆಗೆ ಇಂಗ್ಲಿಷ್ ತಿಳಿದ ಒಬ್ಬ ಆಳು ಬೇಕು, ಹೆಸರು ಶಿಫಾರಸು ಮಾಡಿ ಎಂದು ಅರಣ್ಯದವರು ಮೇಷ್ಟ್ರಿಗೆ ಬರೆದಿದ್ದರು. ಇರುವುದು ಒಂದೇ ಕೆಲಸ. ಚೆನ್ನಾಗಿ ಮಾಡಿದರೆ ಆಮೇಲೆ ಖಾಯಂ ಆಗುವ ಕೆಲಸ.

ಬುಧವಾರ ಬೆಳಿಗ್ಗೆ ಮೇಷ್ಟ್ರು ಮೂವರ ಎದುರಿಗೇ ಒಂದು ಲಕೋಟೆಯನ್ನು ಮೇಜಿನ ಸೆಳೆಖಾನೆಗೆ ಹಾಕಿ ಬೀಗ ಹಾಕಿದ್ದರು. "ಹೆಸರು ಬರೆದಿದೀನಿ. ನಾಳೆ ಟಪಾಲಿಗೆ ಹೋಗುತ್ತೆ. ಅಲ್ಲಿಯವರೆಗೆ ಯಾರೂ ನನ್ನ ತಲೆ ತಿನ್ನಬೇಡಿ," ಎಂದಿದ್ದರು. ಅದೇ ದಿನ ಸ್ಕೂಲಿನಲ್ಲಿ ಪ್ಲೇಗಿನ ಸೂಜಿ ಹಾಕಿ ಮಕ್ಕಳನ್ನು ಮಧ್ಯಾಹ್ನವೇ ಮನೆಗೆ ಬಿಟ್ಟರು. ತಾವೂ ಸೂಜಿ ಚುಚ್ಚಿಸಿಕೊಂಡ ಮೇಷ್ಟ್ರು ತೋಳು ಊದಿ ಮನೆಯಲ್ಲಿ ಮಲಗಿದರು. ಮೂರೂವರೆಯವರೆಗೆ ಜಾಡಮಾಲಿ ಸ್ಕೂಲು ಗುಡಿಸುತ್ತಿದ್ದ. ಆಗ ಎಲ್ಲ ಸರಿಯಾಗಿತ್ತು. ಐದು ಗಂಟೆಗೆ ಮೇಷ್ಟ್ರು ಬಂದು ನೋಡಿದರೆ ಬೀಗದ ಚಿಲಕ ಕಿತ್ತುಬಂದಿತ್ತು. ಲಕೋಟೆ ಇಲ್ಲ, ಅದರ ಜೊತೆಯಲ್ಲಿಟ್ಟಿದ್ದ ಮೇಷ್ಟ್ರ ಬೆಳ್ಳಿಯ ಜೇಬುಗಡಿಯಾರವೂ ಇಲ್ಲ. ಗುರುವಾರ ಹತ್ತು ಗಂಟೆಗೆ ಇನ್ಸ್‌ಪೆಕ್ಟರು ನಸೀರ್‌ನನ್ನು ಲಾಕಪ್ಪಿಗೆ ಹಾಕಿದರು.

"ಅವನು ಏನು ಹೇಳ್ತಾನೆ?" ಪೀರ್ ಸಾಬರು ಕಣ್ಣು ತೆರೆಯದೆ ಕೇಳಿದರು.

"'ಅಮ್ಮಾ, ನಾನು ಮುಟ್ಟಿಲ್ಲ' ಅಂತಾನೆ. ಬೇರೆ ಏನು ಕೇಳಿದರೂ ಬಾಯಿ ಬಿಡಲ್ಲ. ಮೊಳೆಗೆ ನೇತುಹಾಕಿದ್ದ ಅಂಗಿಯಲ್ಲಿ ಇವು ಸಿಕ್ಕಿದವು. ಪೋಲೀಸರ ಕಣ್ಣಿಗೆ ಬೀಳಬಾರದು ಅಂತ ತಂದೆ. ಒಳ್ಳೇದೋ ಕೆಟ್ಟದ್ದೋ ನಂಗೇನು ಗೊತ್ತು." ಅವಳು ಇಂಗ್ಲಿಷಿನಲ್ಲಿ ಬರೆದ ಎರಡು ಸಣ್ಣ ಹಾಳೆಗಳನ್ನು ಚಾಚಿದಳು.

ಜವರಯ್ಯ ಕನ್ನಡಕ ಹಾಕಿಕೊಂಡ. ಅರ್ಜಿಯ ಮೇಲೆ ವಿಳಾಸ ಬರೆಯುವಷ್ಟು ಇಂಗ್ಲಿಷು ಅವನಿಗೆ ಬರುತ್ತಿತ್ತು. "ಮೇಲೆ 'ಶುಕ್ರವಾರ' ಅಂತಿದೆ. ಇವತ್ತಿನ ಹಾಳೆ. 'ನಿನ್ನೆ ನಾನು ಅಂಗಡಿಯಲ್ಲಿ ಕೂತೆ. ಒಂದು ಬೂಟು ಹೊಲಿದೆ. ಅನ್ನ ತಿಂದೆ. ಚೆನ್ನಾಗಿ ನಿದ್ದೆ ಮಾಡಿದೆ.'" ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ. "ಸಾಬ್ರೇ, ನಿನ್ನೆ ಹತ್ತು ಗಂಟೆಯಿಂದ ಇವನು ಲಾಕಪ್ಪಿನಾಗೆ ಅವನೆ. ಬೂಟು ಎಲ್ಲಿ ಹೊಲಿದ? ಈ ಹಾಳೆ ಅಂಗಿ ಜೇಬಿಗೆ ಎಲ್ಲಿಂದ ಬಂತು?"

ಪೀರ್ ಸಾಬರು ಈಗ ಕಣ್ಣು ತೆರೆದರು. ಇನ್ನೊಂದು ಹಾಳೆ 'ಶನಿವಾರ'ದ್ದು. ಅದರಲ್ಲಿ ನಸೀರ್ 'ನಿನ್ನೆ' ಹೊಳೆಯಲ್ಲಿ ಈಜಿದ್ದ. ಆ ನಿನ್ನೆ ಎಂದರೆ ಇವತ್ತು. ಇನ್ನೂ ಎಂಟು ಗಂಟೆಯೂ ಹೊಡೆದಿರಲಿಲ್ಲ.

ಸಾಬರು ಹಾಳೆಗಳನ್ನು ಓದಲು ಹೋಗಲಿಲ್ಲ. ಎರಡರ ಅಂಚನ್ನೂ ಒಂದಕ್ಕೊಂದು ತಾಗಿಸಿ ನೋಡಿದರು. ಹರಿದ ಅಂಚು ಅಂಚಿಗೆ ಕೂತಿತು. "ಮನೆಗೆ ಹೋಗು, ಬೀ. ಗಂಡನಿಗೆ ಒಂದಿಷ್ಟು ಗಂಜಿ ಕುಡಿಸು," ಎಂದು ಮಂಡಿ ಹಿಡಿದುಕೊಂಡು ಎದ್ದರು. "ಏಳು ಜವರಯ್ಯ. ಇವತ್ತು ನಿನ್ನ ಕಾಲಿಗೂ ನನ್ನ ಕಾಲಿಗೂ ಬಿಡುವಿಲ್ಲ."

ಜವರಯ್ಯ ತೆರೆಯದ ಪೆಟ್ಟಿಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹಿಂದೆ ನಡೆದ. ಅವನಿಗೆ ಬೇಸರವೇನೂ ಆಗಲಿಲ್ಲ, ಆದರೆ ಉತ್ಸಾಹವೂ ಆಗಲಿಲ್ಲ. ಇಂಥ ಬೆಳಗುಗಳನ್ನು ಅವನು ಬಹಳ ಕಂಡಿದ್ದ.

ಇನ್ಸ್‌ಪೆಕ್ಟರು ಹೊಸಬರು, ವಯಸ್ಸು ಚಿಕ್ಕದು. ಆದರೂ ಹಳೆಯ ದಫೇದಾರರಿಗೆ ಕುರ್ಚಿ ಕೊಟ್ಟರು. ಮೇಷ್ಟ್ರ ಮೇಜಿನಿಂದ ತಂದ ಹಾಳೆಗಳು ತಂತಿಗೆ ಚುಚ್ಚಿಕೊಂಡು ಅವರ ಎದುರಿಗಿದ್ದವು.

"ನೋಡಿ ಸಾಬ್ರೇ, ಮೇಷ್ಟ್ರು ನಡೆದುಹೋದ ಕೆಲಸವನ್ನು ಹೇಳೋದು ಹೇಗೆ ಅಂತ ಕಲಿಸ್ತಿದಾರೆ. ಅದಕ್ಕೆ ಮೂವರೂ ದಿನಾ ಬೆಳಿಗ್ಗೆ ಒಂದು ಹಾಳೆ ಕೊಡಬೇಕು, ನಿನ್ನೆ ಏನೇನು ಮಾಡಿದೆ ಅಂತ. ಮೂವರ ಹೇಳಿಕೆಯೂ ಅವರವರ ಕೈಬರಹದಲ್ಲೇ ನನಗೆ ಸಿಕ್ಕಿಬಿಟ್ಟಿತು. ನಸೀರ್ ಗುರುವಾರ ಏನು ಬರೆದುಕೊಟ್ಟ? 'ನಿನ್ನೆ ನಾನು ಅಂಗಡಿಯಲ್ಲಿ ಕೂತಿದ್ದೆ. ನಾಲ್ಕು ಗಂಟೆಗೆ ಮಡಿಕೇರಿ ಬಸ್ಸು ಬಂತು. ನಾನು ಬಸ್ಸು ನೋಡಿದೆ.' ಬುಧವಾರ ಬಸ್ಸು ಬಂತೇ?"

"ಇಲ್ಲ," ಎಂದ ಜವರಯ್ಯ. ಊರಿಗೆಲ್ಲ ಗೊತ್ತಿತ್ತು. ಪಿರಿಯಾಪಟ್ಟಣದ ಹತ್ತಿರ ಅಚ್ಚು ಮುರಿದು ನಿಂತ ಬಸ್ಸು ಮಾರನೆಯ ಬೆಳಿಗ್ಗೆ ಬಂದು ಸೇರಿತ್ತು.

"ಅಂಗಡೀಲಿ ಇದ್ದಿದ್ದರೆ ಇವನಿಗೆ ಗೊತ್ತಿರುತ್ತಿರಲಿಲ್ವೆ? ಬಸ್ಸು ನಿಲ್ಲೋದೇ ಇವನ ಅಂಗಡಿ ಮುಂದೆ. ಸುಳ್ಳು ಬರೆದ. ಈ ಸಣ್ಣಬೀರಯ್ಯನ್ನ ನೋಡಿ: 'ನಿನ್ನೆ ಬಸ್ಸು ಬರಲಿಲ್ಲ. ಜನ ಕಾದರು. ನಾನು ನಾಲ್ಕು ಗಂಟೆಯಿಂದ ಐದು ಗಂಟೆಯವರೆಗೆ ಅವರ ಜೊತೆ ಕಾದೆ. ಕಡಲೆಕಾಯಿ ತಿಂದೆ.' ಇದ್ದದ್ದು ಇದ್ದ ಹಾಗೆ ಬರೆದಿದಾನೆ, ಪ್ರಾಮಾಣಿಕ. ಸಾಲದ್ದಕ್ಕೆ ಚಿಲಕ ಕಿತ್ತಿರೋ ರೀತಿ ನೋಡಿದರೆ ಚರ್ಮ ಕೊಯ್ಯೋ ರಂಪಿಗೆಯಲ್ಲಿ ಮೀಟಿದ ಹಾಗಿದೆ."

"ಮಂಟಯ್ಯ?"

"ಅವನು ಬುಧವಾರ ಪಾಠ ಮುಗಿಸಿ ಹೋದವನು ರಾತ್ರಿಯವರೆಗೂ ತಾಲ್ಲೂಕಿನ ಅಮಲ್ದಾರರ ಸವಾರಿಯಲ್ಲಿ ಪಿರಿಯಾಪಟ್ಟಣದಲ್ಲಿದ್ದ. ಅಮಲ್ದಾರರೇ ಸಾಕ್ಷಿ. ಅವನ ಹಾಳೆ ಓದೋ ಅಗತ್ಯವೇ ಬರಲಿಲ್ಲ."

ಪೀರ್ ಸಾಬರು ತಂತಿಯನ್ನು ಕೈಗೆ ತೆಗೆದುಕೊಂಡು ಹಾಳೆಗಳನ್ನು ತಿರುವಿದರು, ತಲೆಕೆಳಗಾಗಿ ಹಿಡಿದಿದ್ದೇನೆಂಬುದೂ ಅವರಿಗೆ ತಿಳಿಯಲಿಲ್ಲ. ಬೆರಳಿನಿಂದ ಅಂಚುಗಳನ್ನು ಸವರಿದರು. ಬಹಳ ಹೊತ್ತು. ಇನ್ಸ್‌ಪೆಕ್ಟರು ಮೀಸೆಯಲ್ಲೇ ನಕ್ಕು ಜವರಯ್ಯನ ಮುಖ ನೋಡಿದರು.

"ಮಂಟಯ್ಯನ ಗುರುವಾರದ ಹಾಳೆ ಓದು, ಜವರಯ್ಯ."

"'ನಿನ್ನೆ ನಾನು ಕಚೇರಿ ಗುಡಿಸಿದೆ. ಹೂಜಿ ತುಂಬಿಸಿದೆ. ನಿದ್ದೆ ಮಾಡಿದೆ.'" ಓದಿದ ಮೇಲೆ ಜವರಯ್ಯನಿಗೆ ಹೊಳೆಯಿತು. "ಅಲ್ಲಾ, ಅವನು ಪಿರಿಯಾಪಟ್ಟಣದಾಗೆ ಇದ್ದನಲ್ಲ? ಇಲ್ಲಿ ಯಾವ ಕಚೇರಿ ಗುಡಿಸಿದ?"

"ಮೂರ್ಖ, ನೆನಪಿಲ್ಲದೆ ಬರೆದಿದಾನೆ," ಎಂದರು ಇನ್ಸ್‌ಪೆಕ್ಟರು.

"ಇರಬಹುದು ಸ್ವಾಮಿ," ಎಂದು ಸಾಬರು ಮಿಕ್ಕ ಹಾಳೆಗಳನ್ನೂ ಜವರಯ್ಯನಿಂದ ಓದಿಸಿ ಕೇಳಿದರು. "ನಾಳೆ ಬೆಳಿಗ್ಗೆ ಏಳಕ್ಕೆ ಈ ತಂತಿ ತಗೊಂಡು ಸ್ಕೂಲಿಗೆ ಬನ್ನಿ. ಹುಡುಗನ್ನೂ ಕರಕೊಂಡು ಬನ್ನಿ. ಮಧ್ಯಾಹ್ನದ ಬಸ್ಸಿಗೆ ಇನ್ನೂ ಹೊತ್ತಿರುತ್ತೆ."

ಲಾಕಪ್ಪಿನಲ್ಲಿ ನಸೀರ್ ಗೋಡೆಗೆ ಒರಗಿ ಕೂತಿದ್ದ. ಬುಧವಾರ ಸಾಯಂಕಾಲ ಎಲ್ಲಿದ್ದೆ ಎಂದರೆ ಹೊಳೆಯ ಹತ್ತಿರ ಚರ್ಮ ತೊಳೆಯುತ್ತಿದ್ದೆ ಎಂದ. ಒಬ್ಬನೇ. ಯಾರೂ ನೋಡಿಲ್ಲ.

"ಹಾಗಾದರೆ ಅಂಗಡೀಲಿ ಕೂತಿದ್ದೆ ಅಂತ ಯಾಕೆ ಬರೆದೆ?"

ಸಾಬರು ಜೇಬಿನಿಂದ ಶುಕ್ರವಾರದ ಹಾಳೆ ತೆಗೆದು ಕಂಬಿಯ ಆಚೆ ಹಿಡಿದರು. ಹುಡುಗನ ಮುಖ ಕಪ್ಪಿಟ್ಟಿತು.

"ಚಚ್ಚಾ, ಮೇಷ್ಟ್ರಿಗೆ ಹೇಳಬೇಡಿ. ಮೂರೂ ಜನ ಆಣೆ ಮಾಡಿದೀವಿ," ಎಂದ. "ಪ್ರತಿ ಭಾನುವಾರ ಸಣ್ಣಬೀರಯ್ಯನ ಕೋಣೇಲಿ ಕೂತು ಇಡೀ ವಾರದ್ದು ಒಟ್ಟಿಗೇ ಬರೆದುಬಿಡ್ತೀವಿ. ಒಬ್ಬೊಬ್ಬರಿಗೆ ಒಂದೊಂದು ದೊಡ್ಡ ಹಾಳೆ. ಮಡಿಸಿ, ಆರು ತುಂಡು ಮಾಡಿ, ಆರು ದಿನದ ನಿನ್ನೆ. ದಿನಾ ಕೆಲಸ ಮುಗಿಸಿ ಬರೆಯೋಕೆ ಕೂತರೆ ಕಣ್ಣು ಮುಚ್ಚಿಕೊಂಡು ಹೋಗುತ್ತೆ ಚಚ್ಚಾ. ಈಗ ಹೇಳಿದರೆ ಮೇಷ್ಟ್ರು ನಂಗೆ ಆ ಕೆಲಸ ಕೊಡಿಸ್ತಾರಾ?"

"ಕೆಲಸವಂತೆ!" ಎಂದರು ಸಾಬರು. "ಮೊದಲು ಹೊರಗೆ ಬಾ."

ಹೊರಗೆ ಬಂದ ಮೇಲೆ ಜವರಯ್ಯನಿಗೆ ಸ್ವಲ್ಪ ಹಗುರವಾಯಿತು. "ಬುಡಿ ಸಾಬ್ರೇ, ಕತೆ ಮುಗೀತು. ಬಸ್ಸು ಬರುತ್ತೆ ಅಂತ ಭಾನುವಾರವೇ ಬರೆದಿಟ್ಟಿದ್ದ. ಅದು ಸುಳ್ಳಲ್ಲ, ಸೋಮಾರಿತನ."

"ಹುಡುಗನ ಕತೆ ಮುಗೀತು. ಕಳ್ಳನ ಕತೆ ಈಗ ಶುರುವಾಯ್ತು ಕಣಯ್ಯ."

ಮಂಟಯ್ಯ ಕಚೇರಿಯ ಹಿಂದೆ ಬೀಡಿ ಸೇದುತ್ತಿದ್ದ. ಕೇಳಿದೊಡನೆ ಒಪ್ಪಿಕೊಂಡ. "ಹೂಂ ಬುದ್ಧಿ, ಭಾನುವಾರವೇ ಬರೀತೀವಿ. ನಂಗೆ ಬರೋದೇ ಮೂರು: ಸ್ವೆಪ್ಟು, ಫಿಲ್ಡು, ಸ್ಲೆಪ್ಟು. ವರ್ಷದಿಂದ ನಾನು ದಿನಾ ಗುಡಿಸಿ, ತುಂಬಿಸಿ, ಮಲಗ್ತಾ ಇವ್ನಿ. ಮೇಷ್ಟ್ರು ದಿನಾ ಕೆಂಪು ಗೀಟು ಹಾಕಿ 'ಗುಡ್' ಅಂತವ್ರೆ. ಅಮಲ್ದಾರ್ರು ಇಂಗ್ಲಿಷ್ ಕಲಿ ಅಂದ್ರು, ಕಲೀತಾ ಇವ್ನಿ. ಖೆಡ್ಡಾ ಕೆಲಸ ಯಾರಿಗೆ ಬೇಕು? ಆನೆ ಕಂಡ್ರೆ ನಂಗೆ ಈ ಬೀಡಿ ಕೈಯಿಂದ ಬಿದ್ದೋಯ್ತದೆ."

ಅಲ್ಲಿಂದ ಸ್ಕೂಲಿಗೆ. ಮೇಷ್ಟ್ರು ಊದಿದ ತೋಳಿಗೆ ಬಿಸಿಬಟ್ಟೆ ಸುತ್ತಿಕೊಂಡು ಕೂತಿದ್ದರು. ಎದುರಿಗೆ ಕಿತ್ತ ಚಿಲಕದ ಮೇಜು. ಮುಂದಿನ ವರ್ಷ ಅವರಿಗೆ ಪಿಂಚಣಿ.

"ಲಕೋಟೆಯಲ್ಲಿ ಯಾರ ಹೆಸರಿತ್ತು ಮೇಷ್ಟ್ರೇ?"

"ಅದೊಂದು ಕೇಳಬೇಡಿ, ಸಾಬ್ರೇ. ಒಬ್ಬ ಲಾಕಪ್ಪಿನಲ್ಲಿದಾನೆ. ಅವನ ಹೆಸರಲ್ಲ ಅಂದರೆ, 'ನೋಡಿ, ಅದಕ್ಕೇ ಕದ್ದ' ಅಂತಾರೆ. ಅವನದೇ ಅಂದರೆ ಮಿಕ್ಕವರನ್ನ ಹಿಡೀತಾರೆ. ನನ್ನ ಬಾಯಿಂದ ಒಬ್ಬ ಶಿಷ್ಯ ಜೈಲಿಗೆ ಹೋಗೋದು ಬೇಡ." ಅವರು ಕಿಟಕಿಯಾಚೆ ನೋಡಿದರು. "ಇಪ್ಪತ್ತೆಂಟು ವರ್ಷ ಆಯ್ತು. ಗೋ, ವೆಂಟು. ಸೀ, ಸಾ. ಪುಸ್ತಕದಲ್ಲಿರೋದನ್ನ ಉರು ಹೊಡೆದರೆ ಬರೋದಿಲ್ಲ, ತಮ್ಮ ದಿನವನ್ನೇ ತಾವು ಹೇಳಿದರೆ ಬರುತ್ತೆ ಅಂತ ಈ ಹಾಳೆ ಶುರುಮಾಡಿದೆ. ಒಬ್ಬೊಬ್ಬರ ನಿನ್ನೆಯನ್ನೂ ನಾನು ಓದ್ತೀನಿ."

ಜವರಯ್ಯ ತಲೆ ತಗ್ಗಿಸಿದ. ಸಾಬರು ಮಾತ್ರ ಬಾಗಿಲ ಪಕ್ಕದಲ್ಲಿ ನೇತುಹಾಕಿದ್ದ ಗಂಟೆಯ ಹತ್ತಿರ ಹೋದರು. ಅದು ರೈಲು ಕಂಬಿಯ ತುಂಡು. ಹೊಡೆಯುವ ಕಬ್ಬಿಣದ ಸಲಾಕೆ ಕೆಳಗೆ ಗೋಡೆಗೆ ಒರಗಿತ್ತು. ಅದರ ಚಪ್ಪಟೆ ತುದಿಯಲ್ಲಿ ಮೇಜಿನ ಹಸಿರು ಬಣ್ಣ ಅಂಟಿತ್ತು.

"ರಂಪಿಗೆಯಂತೆ," ಎಂದು ಗೊಣಗಿದರು. "ಕಬ್ಬಿಣಕ್ಕೆ ರಂಪಿಗೆ ಹಾಕಿ ಬಾಯಿ ಮುರ್ಕೊಳ್ಳೋ ಚಮ್ಮಾರ ಎಲ್ಲಾದರೂ ಉಂಟೆ? ಅದು ಅವನ ಅನ್ನ ಕಣಯ್ಯ."

ಕೊನೆಯದಾಗಿ ಸಣ್ಣಬೀರಯ್ಯನ ಸೋದರತ್ತೆ ಸುಂದ್ರಮ್ಮನ ಮನೆ. ಅವನು ಅಲ್ಲೇ ಇದ್ದು ಓದುತ್ತಿದ್ದ. ಹೊಸ್ತಿಲ ಪಕ್ಕದಲ್ಲಿ ಒಂದು ಮೂಟೆ ರಾಗಿ, ಅದರ ಮೇಲೆ ಬೆಲ್ಲದ ಅಚ್ಚು. ಮಳೆ ನಿಂತು ಮೂರು ದಿನವಾಗಿ ಉಸಿರುಗಟ್ಟುವ ಸೆಖೆ. ಆದರೂ ಸಣ್ಣಬೀರಯ್ಯ ಕರಿಯ ಕೋಟು ತೊಟ್ಟು, ಕತ್ತಿನವರೆಗೂ ಗುಂಡಿ ಹಾಕಿಕೊಂಡು ಕೂತಿದ್ದ. ಹಣೆಯಿಂದ ಬೆವರು ಇಳಿಯುತ್ತಿತ್ತು.

"ಬೆಲ್ಲ ಎಲ್ಲಿಂದ ಬಂತು ತಾಯಿ?"

"ಇವರಪ್ಪ ಕಳ್ಸವ್ನೆ ಸಾಬ್ರೇ. ಖೆಡ್ಡಾದಾಗೆ ಕೆಲಸ ಆಯ್ತಲ್ಲ, ಅದ್ಕೇ. ಓದ ವಾರ ಗಾಡಿಯೋನ ಕೈಲಿ ಇವ್ನೇ ಯೋಳಿ ಕಳ್ಸಿದ್ದ. ಅನಗೋಡಿಗೆ ಓಗಿ ಎರಡು ತಿಂಗಳಾಯ್ತು, ಬರೀ ಓದೇ ಓದು. ಊರೋರೆಲ್ಲ ನಾಳಿದ್ದು ನೋಡೋಕೆ ಬತ್ತಾರಂತೆ. ಇವ್ನು ನೋಡಿದ್ರೆ ಬುಧವಾರದಿಂದ ಉಂಡಿಲ್ಲ, ಕೋಟು ಬಿಚ್ಚಿಲ್ಲ. ಜ್ವರ ಏನ್ಲಾ ಅಂದ್ರೆ ಮಾತಾಡಾಕಿಲ್ಲ."

"ಅತ್ತೆ, ಸುಮ್ನಿರು," ಎಂದ ಸಣ್ಣಬೀರಯ್ಯ.

ಪೀರ್ ಸಾಬರು ಒಂದು ಲೋಟ ಮಜ್ಜಿಗೆ ಕುಡಿದು, ನಾಳೆ ಏಳು ಗಂಟೆಗೆ ಸ್ಕೂಲಿಗೆ ಬಾರಪ್ಪ ಎಂದು ಹೇಳಿ ಎದ್ದರು. ದಾರಿಯಲ್ಲಿ ಜವರಯ್ಯ ಎರಡು ಸಲ ಏನೋ ಕೇಳಲು ಬಾಯಿ ತೆರೆದ. ಸಾಬರ ಮುಖ ನೋಡಿ ಸುಮ್ಮನಾದ. ಕಳ್ಳನನ್ನು ಕಂಡುಕೊಂಡ ದಿನ ಅವರ ಮುಖ ಯಾವಾಗಲೂ ಹೀಗೇ ಇಳಿದುಹೋಗಿರುತ್ತಿತ್ತು.

ಶನಿವಾರ ಏಳು ಗಂಟೆಗೆ ಸ್ಕೂಲಿನ ಜಗುಲಿಯಲ್ಲಿ ಎಲ್ಲರೂ ಸೇರಿದರು. ಮೇಷ್ಟ್ರು ತಮ್ಮ ಕುರ್ಚಿಯಲ್ಲಿ, ಇನ್ಸ್‌ಪೆಕ್ಟರು ಬೆಂಚಿನ ಮೇಲೆ. ಮಂಟಯ್ಯ, ಸಣ್ಣಬೀರಯ್ಯ ನೆಲದ ಮೇಲೆ ತಮ್ಮ ತಮ್ಮ ಜಾಗದಲ್ಲಿ. ನಸೀರ್ ಒಬ್ಬ ಕಾನ್‌ಸ್ಟೇಬಲ್ಲಿನ ಪಕ್ಕ ನಿಂತಿದ್ದ. ಬಷೀರಾಬಿ ಕಂಬದ ಮರೆಯಲ್ಲಿ.

"ನಂಗೆ ಇಂಗ್ಲಿಷ್ ಬರಲ್ಲ," ಎಂದು ಶುರುಮಾಡಿದರು ಪೀರ್ ಸಾಬರು. "ಅದಕ್ಕೇ ಈ ಹಾಳೆಗಳಲ್ಲಿ ಬರೆದಿದ್ದನ್ನ ಬಿಟ್ಟು ಹಾಳೆಯನ್ನೇ ನೋಡಿದೆ. ಮೇಷ್ಟ್ರೇ, ನಿಮಗೆ ನೋವಾಗೋ ಮಾತು ಮೊದಲು ಹೇಳಿಬಿಡ್ತೀನಿ. ಇವರು ನಿಮಗೆ ಕೊಡೋ ನಿನ್ನೆಗಳೆಲ್ಲ ಭಾನುವಾರ ಬರೆದವು."

ಅವರು ನಸೀರ್‌ನ ಹಾಳೆಗಳನ್ನು ಮೇಜಿನ ಮೇಲೆ ಜೋಡಿಸಿದರು. ಸೋಮವಾರ, ಮಂಗಳವಾರ, ಬುಧವಾರ, ಗುರುವಾರ ತಂತಿಯಿಂದ. ಶುಕ್ರವಾರ, ಶನಿವಾರ ಅಂಗಿಯ ಜೇಬಿನಿಂದ. ಹರಿದ ಅಂಚುಗಳು ಒಂದಕ್ಕೊಂದು ಕೂತು ಒಂದು ದೊಡ್ಡ ಹಾಳೆಯಾಯಿತು. ಜವರಯ್ಯ ಶುಕ್ರವಾರದ್ದನ್ನು ಗಟ್ಟಿಯಾಗಿ ಓದಿದ. ಗುರುವಾರ ಲಾಕಪ್ಪಿನಲ್ಲಿದ್ದವನು ಬೂಟು ಹೊಲಿದು ಚೆನ್ನಾಗಿ ನಿದ್ದೆ ಮಾಡಿದ್ದ. ಮಂಟಯ್ಯ ಪಿರಿಯಾಪಟ್ಟಣದಲ್ಲಿದ್ದುಕೊಂಡು ಹುಣಸೂರಿನ ಕಚೇರಿ ಗುಡಿಸಿದ್ದ.

ಇನ್ಸ್‌ಪೆಕ್ಟರ ಮುಖ ಕೆಂಪಗಾಯಿತು. ಮೇಷ್ಟ್ರು ಜೋಡಿಸಿದ ಹಾಳೆಯನ್ನು ನೋಡುತ್ತಲೇ ಇದ್ದರು. "ಎಷ್ಟು ದಿನದಿಂದ?" ಎಂದರು.

"ಒಂದ್ ವರ್ಷ ಆಯ್ತು ಬುದ್ಧಿ," ಎಂದ ಮಂಟಯ್ಯ ನೆಲ ನೋಡುತ್ತ.

"ಸ್ವಾಮಿ," ಸಾಬರು ಇನ್ಸ್‌ಪೆಕ್ಟರ ಕಡೆ ತಿರುಗಿದರು, "ಬಸ್ಸು ಬಂತು ಅಂತ ಹುಡುಗ ಬರೆದದ್ದು ಭಾನುವಾರ. ಬಸ್ಸು ದಿನಾ ಬರುತ್ತೆ, ಅದಕ್ಕೇ ಬರೆದ. ಅವನಿಗೆ ಸುಳ್ಳು ಹೇಳಿ ತಪ್ಪಿಸಿಕೊಳ್ಳೋ ಉದ್ದೇಶ ಇದ್ದಿದ್ದರೆ ಗುರುವಾರ ಆ ಹಾಳೆ ಕೊಡ್ತಾನೇ ಇರಲಿಲ್ಲ. ಹೊಸದು ಬರೆದು ಕೊಡ್ತಿದ್ದ. ಈ ಊರಿನಲ್ಲಿ ಬಸ್ಸು ಬರಲಿಲ್ಲ ಅನ್ನೋದು ಹಸುಗೂಸಿಗೂ ಗೊತ್ತಿತ್ತು. ಹಾಗೇ ಕೊಟ್ಟ ಅಂದರೆ ಅವನಿಗೆ ಬುಧವಾರದ ಬಗ್ಗೆ ಯೋಚನೆಯೇ ಇರಲಿಲ್ಲ."

ಆಮೇಲೆ ಮಂಟಯ್ಯನ ನಾಲ್ಕು ಹಾಳೆಗಳನ್ನು ಜೋಡಿಸಿದರು. ಅವೂ ಕೂತವು. ಕೊನೆಗೆ ಸಣ್ಣಬೀರಯ್ಯನವು: ಸೋಮವಾರ, ಮಂಗಳವಾರ, ಬುಧವಾರ ಒಂದಕ್ಕೊಂದು ಸೇರಿದವು. ಗುರುವಾರದ ಹಾಳೆಯ ಅಂಚು ಯಾವುದಕ್ಕೂ ಸೇರಲಿಲ್ಲ. ಅದು ಬೇರೆ ಹಾಳೆಯ ತುಂಡು.

"ಮೂವರಲ್ಲಿ ಒಬ್ಬನೇ ಒಬ್ಬ ನಿಜ ಬರೆದ ಅಂತ ನೀವು ಅಂದಿರಿ. ಬಸ್ಸಿನ ಮಾತು ನಿಜ. ಆದರೆ ವರ್ಷದಲ್ಲಿ ಒಂದೇ ಒಂದು ದಿನ ಯಾಕೆ ಬರೆದ? ಇದೇ ವಾರದ ಮಂಗಳವಾರದ್ದು ಓದು, ಜವರಯ್ಯ."

"'ನಿನ್ನೆ ನಾನು ಹನಗೋಡಿಗೆ ಹೋದೆ. ತಾಯಿಯನ್ನು ನೋಡಿದೆ.'"

"ಎರಡು ತಿಂಗಳಿಂದ ಹನಗೋಡಿಗೆ ಹೋಗಿಲ್ಲ ಅಂತ ಅವನ ಅತ್ತೆಯೇ ಹೇಳಿದಾಳೆ. ಆ ಸುಳ್ಳನ್ನ ತಿದ್ದಲಿಲ್ಲ. ಬುಧವಾರ ನಾಲ್ಕರಿಂದ ಐದರವರೆಗೆ ಎಲ್ಲಿದ್ದೆ ಅನ್ನೋದನ್ನ ಮಾತ್ರ, ಗಂಟೆ ಸಮೇತ, ಹೊಸ ಹಾಳೆ ಹರಿದು ಬರೆದ. ಆ ಒಂದು ಗಂಟೆಯ ಲೆಕ್ಕ ಯಾರಿಗೆ ಬೇಕು ಸ್ವಾಮಿ? ಅದನ್ನ ಯಾರಾದರೂ ಕೇಳ್ತಾರೆ ಅಂತ ಗೊತ್ತಿದ್ದವನಿಗೆ."

ಸಣ್ಣಬೀರಯ್ಯನ ಕೈ ಎದೆಗೆ ಹೋಗಿ ಅಲ್ಲೇ ನಿಂತಿತು.

"ಚಿಲಕ ಮೀಟಿದ್ದು ಸ್ಕೂಲಿನ ಗಂಟೆ ಹೊಡೆಯೋ ಆ ಸಲಾಕೆಯಲ್ಲಿ, ಮೇಜಿನ ಬಣ್ಣ ಅದರ ತುದೀಲಿದೆ. ಗಡಿಯಾರ ತಗೊಂಡಿದ್ದು ಕಳ್ಳತನದ ಹಾಗೆ ಕಾಣಲಿ ಅಂತ. ಬೇಕಾಗಿದ್ದು ಲಕೋಟೆ. ಆ ಲಕೋಟೆ ಏನಾಯ್ತು ಅಂತ ಯೋಚಿಸ್ತಾ ಇದ್ದೆ. ತೆಗೆದು ನೋಡಿದಾಗ ಬೇರೆಯವರ ಹೆಸರಿದ್ದರೆ ಒಲೆಗೆ ಹಾಕಿ ಕೈ ತೊಳಕೋತಿದ್ದ. ಆಮೇಲೆ ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಈ ಸೆಖೆಯಲ್ಲಿ ಮೂರು ದಿನದಿಂದ ಕೋಟು ಬಿಚ್ಚದೆ ಕೂರೋ ಕೆಲಸ ಇರುತ್ತಿರಲಿಲ್ಲ." ಸಾಬರ ದನಿ ತಗ್ಗಿತು. "ಬಿಚ್ಚಪ್ಪ ಸಣ್ಣಬೀರಯ್ಯ. ಸಾಕು."

ಅವನು ಗುಂಡಿ ಬಿಚ್ಚಿದ. ಬೆವರಿನಲ್ಲಿ ಒದ್ದೆಯಾಗಿ ಅಂಗಿಗೆ ಅಂಟಿಕೊಂಡಿದ್ದ ಲಕೋಟೆಯನ್ನು ತೆಗೆದು ಮೇಷ್ಟ್ರ ಪಾದದ ಹತ್ತಿರ ಇಟ್ಟ.

ಮೇಷ್ಟ್ರು ಅದನ್ನು ಎತ್ತಿಕೊಳ್ಳಲಿಲ್ಲ. ಓದದೆಯೇ ಹೇಳಿದರು, ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ: "ಎರಡು ವರ್ಷದಿಂದ ನನ್ನ ಹತ್ತಿರ ಕಲಿತ. ಒಂದು ದಿನವೂ ತಪ್ಪಿಸಲಿಲ್ಲ. ನಸೀರ್‌ನಷ್ಟು ಚುರುಕಲ್ಲ, ಆದರೆ ಕೊಟ್ಟ ಕೆಲಸ ಬಿಡುವವನಲ್ಲ. ಹನಗೋಡಿನ ಸಣ್ಣಬೀರಯ್ಯನನ್ನು ಶಿಫಾರಸು ಮಾಡುತ್ತೇನೆ. ಹೀಗೇ ಬರೆದಿದ್ದೆ."

"ಗೊತ್ತು ಮೇಷ್ಟ್ರೇ," ಎಂದ ಸಣ್ಣಬೀರಯ್ಯ. "ನೀವು ಯಾವಾಗಲೂ ನಸೀರನ್ನೇ ಹೊಗಳ್ತಿದ್ರಿ. ಕೆಲಸ ಆಯ್ತು ಅಂತ ಅಪ್ಪಂಗೆ ನಾನು ಮೊದಲೇ ಹೇಳಿಬಿಟ್ಟಿದ್ದೆ. ಊರಿಗೇ ಬೆಲ್ಲ ಹಂಚವ್ರೆ. ಲಕೋಟೆ ಟಪಾಲಿಗೆ ಹೋಗದಂಗೆ ಮಾಡಿದ್ರೆ ಇನ್ನೊಂದು ಬರೆಸಬೌದು, ಅಷ್ಟರಾಗೆ ನಿಮ್ಮ ಕಾಲು ಹಿಡೀಬೌದು ಅಂತ... ಆಮೇಲೆ ಒಡೆದು ಓದಿದೆ. ಮತ್ತೆ ಒಳಗೆ ಇಡೋಕೆ ಬೀಗ ಇರಲಿಲ್ಲ. ಸುಡೋಕೆ ಕೈ ಬರಲಿಲ್ಲ. ಗಡಿಯಾರ ಇಲ್ಲೇ, ಜಗುಲಿಯ ಹೆಂಚಿನ ಸಂದೀಲಿ ಸಿಕ್ಕಿಸಿದೀನಿ."

ಕಾನ್‌ಸ್ಟೇಬಲ್ಲು ಹೆಂಚು ಸರಿಸಿ ಗಡಿಯಾರ ತೆಗೆದುಕೊಟ್ಟ. ಕೀಲಿ ಕೊಡುವವರಿಲ್ಲದೆ ನಿಂತುಹೋಗಿತ್ತು.

"ನಾನು ಒಳಗಿದ್ದೆ," ಎಂದ ನಸೀರ್. "ಎರಡು ದಿನ. ನಿಂಗೆ ಗೊತ್ತಿತ್ತಲ್ಲೋ, ಸಣ್ಣಬೀರ?"

ಸಣ್ಣಬೀರಯ್ಯ ಮುಖ ಮುಚ್ಚಿಕೊಂಡ.

ಇನ್ಸ್‌ಪೆಕ್ಟರು ಎದ್ದು ನಸೀರ್‌ನ ಭುಜದಿಂದ ಕಾನ್‌ಸ್ಟೇಬಲ್ಲಿನ ಕೈ ತೆಗೆಸಿದರು. "ಮೇಷ್ಟ್ರೇ, ಫಿರ್ಯಾದು ನಿಮ್ಮದು. ಇವನನ್ನು ಕರೆದುಕೊಂಡು ಹೋಗಲೇ?"

ಮೇಷ್ಟ್ರು ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. "ಫಿರ್ಯಾದು ನನ್ನದು. ಲಾಕಪ್ಪಿನ ಎರಡು ದಿನ ಮಾತ್ರ ನಸೀರ್‌ನದು. ಅವನನ್ನೇ ಕೇಳಿ."

ಎಲ್ಲರೂ ನಸೀರ್‌ನ ಕಡೆ ನೋಡಿದರು. ಅವನು ಕಂಬದ ಕಡೆ ನೋಡಿದ. ಬಷೀರಾಬಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಇನ್ನೊಬ್ಬ ತಾಯಿ ಪೀರ್ ಭಾಯ್ ಹತ್ತಿರ ಓಡೋದು ಬೇಡ ಕಣೋ," ಎಂದಳು.

"ಬಿಟ್ಟುಬಿಡಿ," ಎಂದ ನಸೀರ್. "ಆದರೆ ನಾನು ಒಳಗಿದ್ದಾಗ ಅವನು ಹೊರಗಿದ್ದ ಅಂತ ಬಜಾರಿನವರಿಗೆ ಅವನೇ ಹೇಳಲಿ. ನಮ್ಮ ಅಂಗಡಿ ಮುಂದೆ ನಿಂತು ಹೇಳಲಿ. ಬಸ್ಸು ಬರೋ ಹೊತ್ತಿಗೆ."

ಸಣ್ಣಬೀರಯ್ಯ ತಲೆಯಾಡಿಸಿದ.

ಮೇಷ್ಟ್ರು ಸೆಳೆಖಾನೆಯಿಂದ ಮೂರು ಹಾಳೆ ತೆಗೆದು ಮೂವರ ಮುಂದೆಯೂ ಇಟ್ಟರು. "ಏಳೂವರೆ ಆಯ್ತು. ಇನ್ನೂ ಅರ್ಧ ಗಂಟೆ ನನ್ನದಿದೆ. ಬರೀರಿ. ನಿನ್ನೆ ಏನು ಮಾಡಿದಿರಿ? ನಿನ್ನೆಯದೇ ನಿನ್ನೆ. ತಪ್ಪಿದ್ದರೂ ಪರವಾಗಿಲ್ಲ."

ಮಂಟಯ್ಯ ಪೆನ್ನಿನ ತುದಿ ಕಚ್ಚುತ್ತ ಬಹಳ ಹೊತ್ತು ಕೂತ. "ಬೀಡಿ ಸೇದಿದೆ ಅನ್ನೋದಕ್ಕೆ ಏನು ಬುದ್ಧಿ?" ಎಂದು ಕೇಳಿದ. ವರ್ಷದಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ ಅದು. ಇನ್ಸ್‌ಪೆಕ್ಟರು ಟೋಪಿ ಕೈಯಲ್ಲಿ ಹಿಡಿದು, ಹೋಗಲಾರದೆ, ಬಾಗಿಲಲ್ಲೇ ನಿಂತಿದ್ದರು.

ನಸೀರ್ ಮೊದಲು ಮುಗಿಸಿದ. ಜವರಯ್ಯ ಅವನ ಹೆಗಲ ಮೇಲಿಂದ ಬಗ್ಗಿ ಓದಿದ: 'ನಿನ್ನೆ ನಾನು ಲಾಕಪ್ಪಿನಲ್ಲಿ ಕೂತೆ. ಪೀರ್ ಚಚ್ಚಾ ಬಂದರು. ನನ್ನ ತಾಯಿ ಅತ್ತಳು. ನಾನು ನಿದ್ದೆ ಮಾಡಲಿಲ್ಲ.' ಮೇಷ್ಟ್ರು ಕೆಂಪು ಶಾಯಿಯ ಪೆನ್ನು ಎತ್ತಿದವರು ಹಾಗೇ ಕೆಳಗಿಟ್ಟರು. ಕರಿ ಶಾಯಿಯಲ್ಲಿ ಅರಣ್ಯದವರಿಗೆ ಹೊಸ ಕಾಗದ ಶುರುಮಾಡಿ, ನಸೀರ್‌ನ ಹೆಸರು ಬರೆದರು.

ಸಣ್ಣಬೀರಯ್ಯನ ಹಾಳೆಯ ಮೇಲೆ ಒಂದೇ ಸಾಲಿತ್ತು. ಜವರಯ್ಯ ಅದನ್ನು ಓದಲಿಲ್ಲ. ಓದಬಾರದು ಅನ್ನಿಸಿತು.

ಹೊಂಗೆ ಮರದ ಕಡೆ ವಾಪಸು ನಡೆಯುವಾಗ ಬಿಸಿಲು ಏರಿತ್ತು. ಪೀರ್ ಸಾಬರು ಎರಡು ಕಡೆ ನಿಂತು ಮಂಡಿ ತಿಕ್ಕಿಕೊಂಡರು. ಕಲ್ಲಿನ ಮೇಲೆ ಕೂತು ಕಣ್ಣು ಮುಚ್ಚಿದ ಮೇಲೆ ಕೇಳಿದರು: "ನಿನ್ನೆ ನೀನೇನು ಮಾಡಿದೆ, ಜವರಯ್ಯ?"

"ನಿಮ್ಮ ಹಿಂದೆ ತಿರುಗಿದೆ. ಪೆಟ್ಟಿಗೆ ಹೊತ್ತೆ. ಒಂದು ಅರ್ಜಿಯೂ ಬರೆಯಲಿಲ್ಲ."

"ಇವತ್ತು ಬರಿ," ಎಂದರು ಸಾಬರು. ಜವರಯ್ಯ ಪೆಟ್ಟಿಗೆಯ ಮುಚ್ಚಳ ತೆಗೆದ. ಆಗಲೇ ಇಬ್ಬರು ಬಂದು ಕಾಯುತ್ತ ಕೂತಿದ್ದರು.